ಬೀಳ್ಕೊಡುಗೆಯ ಅಣಕ

ಅವರು ನೀರು ಕುಡಿಯುವ ರೀತಿಯನ್ನೂ ಈಚೀಚೆಗೆ ರೋಡಾ ಮಾಕಿಗೆ ಸಹಿಸಲಾಗುತ್ತಿರಲಿಲ್ಲ. ಒಬ್ಬೊಬ್ಬರ ಕೈಯಲ್ಲೂ ಚೆಂಬಿನಷ್ಟು ದಪ್ಪದ ಬಾಟಲಿ, ಅದರ ಬಾಯಿಗೊಂದು ಕೊಳವೆ. ಪಾಠ ನಡೆಯುತ್ತಿರಲಿ, ಸತ್ತ ರೋಗಿಯ ಬಗ್ಗೆ ಚರ್ಚೆ ನಡೆಯುತ್ತಿರಲಿ, ಕಣ್ಣು ಅರೆಮುಚ್ಚಿ, ಕೆಚ್ಚಲಿಗೆ ಬಾಯಿಟ್ಟ ಕರುಗಳ ಹಾಗೆ ಚೀಪುತ್ತಿದ್ದರು. ಈ ಶನಿವಾರ ಮಧ್ಯಾಹ್ನ ಬಂದರಿನ ಕಾರ್ಮಿಕ ಸಂಘದ ಹಾಲಿನಲ್ಲಿ ಅವರ ಬೀಳ್ಕೊಡುಗೆಯ ಊಟ. ಮೂರು ವರ್ಷ ಅವಳ ಕೈಕೆಳಗೆ ತರಬೇತಿ ಪಡೆದ ಕಿರಿಯ ವೈದ್ಯರು ಇಂದು ಅವಳಿಂದ ಪ್ರಮಾಣಪತ್ರ ತೆಗೆದುಕೊಂಡು, ಅವಳನ್ನು ಅಪ್ಪಿಕೊಂಡು, ಫೋಟೋ ತೆಗೆಸಿಕೊಂಡು ಹೊರಟುಹೋಗುವವರಿದ್ದರು. ಜುಲೈ ಬಂದೊಡನೆ ಅಷ್ಟೇ ಮಂದಿ ಹೊಸಬರು ಅಂಥವೇ ಬಾಟಲಿ ಹಿಡಿದು ಬರುವವರಿದ್ದರು. ಆಸ್ಪತ್ರೆಯ ತರಬೇತಿ ವಿಭಾಗಕ್ಕೆ ಅವಳು ಮುಖ್ಯಸ್ಥೆಯಾಗಿ ಹತ್ತು ವರ್ಷದ ಮೇಲಾಗಿತ್ತು. ಮೊದಮೊದಲು ಪ್ರತಿ ಜೂನ್‌ನಲ್ಲೂ ಈ ಊಟದ ದಿನ ಅವಳು ಅತ್ತಿದ್ದುಂಟು. ಇವತ್ತು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅವಳು ಮುಖವನ್ನು ಹೇಗಿಟ್ಟುಕೊಂಡರೆ ಪ್ರೀತಿ ಇದ್ದ ಹಾಗೆ ಕಾಣುತ್ತದೆ ಎಂದು ನೋಡಿಕೊಂಡಿದ್ದಳು. ಹುಬ್ಬು ಸ್ವಲ್ಪ ಮೇಲೆ, ಬಾಯಿ ಸ್ವಲ್ಪ ತೆರೆದು. ಮುಖ ಆಜ್ಞೆ ಪಾಲಿಸಿತ್ತು.

ಜೂನ್ ಆಗಿದ್ದರೂ ಚಳಿ ಬಿಟ್ಟಿರಲಿಲ್ಲ; ಕಿಟಕಿಯಾಚೆ ಸರೋವರ ಮಂಜಿನಲ್ಲಿ ಮುಚ್ಚಿಹೋಗಿತ್ತು. ಅದಿರು ತುಂಬಿಕೊಂಡ ಹಡಗೊಂದು ಎಲ್ಲೋ ಕೂಗಿತು. ಪಕ್ಕದಲ್ಲಿ ಗಂಡ ವರ್ಲಿನ್ ಕಾಡಕ್ಕಿಯ ಸೂಪಿನಲ್ಲಿ ಬ್ರೆಡ್ಡು ಅದ್ದಿ ಸುಖವಾಗಿ ತಿನ್ನುತ್ತಿದ್ದ. ಶಾಲೆಯಲ್ಲಿ ಮಕ್ಕಳಿಗೆ ತುತ್ತೂರಿ, ಕೊಳಲು ಕಲಿಸಿ ನಿವೃತ್ತನಾದವನು. ಜನರಿದ್ದಲ್ಲೆಲ್ಲ ಅವನಿಗೆ ಖುಷಿ. ಆಚೆಯ ಮೇಜುಗಳಲ್ಲಿ ಹುಡುಗರ ಅಪ್ಪ ಅಮ್ಮಂದಿರು, ಹೆಂಡತಿಯರು, ಒಂದೆರಡು ಕೈಗೂಸು. ಅವರಲ್ಲೊಬ್ಬಳು ದೂರದಿಂದ ರೋಡಾಳಿಗೆ ಕೈಬೀಸಿದಳು. ರೋಡಾ ಬೆಳಿಗ್ಗೆಯ ಮುಖವನ್ನು ಹಾಕಿಕೊಂಡಳು. ಆಫೀಸಿನ ಬಾಗಿಲು ಯಾರಾದರೂ ತಟ್ಟಿದಾಗಲೂ ಹೀಗೇ. ತಟ್ಟಿದ ಸದ್ದಿಗೆ ಒಳಗೊಂದು ಧ್ವನಿ 'ಹಾಳಾಗಿ ಹೋಗು' ಅನ್ನುತ್ತಿತ್ತು, ಬಾಯಿ 'ಬಾ, ಕೂತ್ಕೋ' ಅನ್ನುತ್ತಿತ್ತು. ಎರಡೂ ಒಂದೇ ಉಸಿರಿನಲ್ಲಿ. ಒಬ್ಬನಿಗೆ ರಾತ್ರಿಪಾಳಿಯ ಕೋಣೆಯ ದಿಂಬು ಗಟ್ಟಿ. ಒಬ್ಬಳಿಗೆ ಹಿರಿಯ ವೈದ್ಯರೊಬ್ಬರು ರೋಗಿಯ ಎದುರಿಗೆ ಗದರಿದ್ದು. ಇನ್ನೊಬ್ಬನಿಗೆ ಮದುವೆ ನಿಂತುಹೋದದ್ದು. ಒಂದು ಕಾಲದಲ್ಲಿ ಇವರ ನಾಯಿಗಳ ಹೆಸರೂ ಅವಳಿಗೆ ಗೊತ್ತಿರುತ್ತಿತ್ತು. ಈಗ ಎದುರಿಗೆ ಕೂತು ಅಳುವವರ ಮೂಗಿನ ತುದಿಯಲ್ಲಿ ಹನಿ ಬೆಳೆಯುವುದನ್ನು ನೋಡುತ್ತ, ಇದು ಬೀಳುವುದರೊಳಗೆ ಮುಗಿಸುತ್ತಾನೋ ಇಲ್ಲವೋ ಎಂದು ತನ್ನೊಳಗೇ ಪಂದ್ಯ ಕಟ್ಟುತ್ತಿದ್ದಳು. ಆಮೇಲೆ ಮನೆಗೆ ಹೋಗುವ ದಾರಿಯಲ್ಲಿ ತಾನು ಎಂಥ ಪಿಶಾಚಿ ಎಂದು ನಡುಗುತ್ತಿದ್ದಳು. ಆ ನಡುಕವೂ ಕಳೆದ ಚಳಿಗಾಲಕ್ಕೆ ನಿಂತುಹೋಗಿತ್ತು.

"ಸೂಪು ಚೆನ್ನಾಗಿದೆ, ಅಲ್ವೇನಮ್ಮ ರೋಡಾ?" ಎಂದ ಎದುರಿಗೆ ಕೂತಿದ್ದ ಥೇಯರ್ ಬ್ರಾಂಟ್. ವಿಭಾಗದ ಅಧ್ಯಕ್ಷ, ಅವಳಿಗೆ ಮೇಲಿನವನು. ಮೀಸೆಯ ಮೇಲೆ ಅಕ್ಕಿಯ ಅಗಳೊಂದು ಅಂಟಿತ್ತು. ಅವಳು ಹೇಳಲಿಲ್ಲ. ಮಾರ್ಚ್ ತಿಂಗಳಲ್ಲಿ ಇದೇ ಮೀಸೆಯ ಎದುರು ಕೂತು, ಎರಡು ದಿನ ಬಾಯಿಪಾಠ ಮಾಡಿದ್ದ ಮಾತನ್ನು ಒಪ್ಪಿಸಿದ್ದಳು. "ಥೇಯರ್, ಇದು ನನ್ನ ಕೈಲಿ ಆಗ್ತಾ ಇಲ್ಲ. ರೋಗಿಗಳನ್ನ ನೋಡ್ಕೊಂಡಿರ್ತೀನಿ. ಈ ಹುಡುಗರ ಜವಾಬ್ದಾರಿ ಬೇರೆ ಯಾರಿಗಾದ್ರೂ ಕೊಡಿ." ಅವನು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, "ನೋಡಮ್ಮ, ನೀನಲ್ಲದೆ ಇನ್ಯಾರಿದಾರೆ ಹೇಳು? ಹುಡುಕಿದ್ರೂ ಸಿಗೋರಿಲ್ಲ. ಜೂನ್ ಒಂದು ಕಳೀಲಿ, ಆಮೇಲೆ ನೋಡೋಣ" ಎಂದಿದ್ದ. ಮೂವತ್ತು ವರ್ಷ ವೈದ್ಯವೃತ್ತಿ ಮಾಡಿದವಳು, ಕಣ್ಣೀರು ಬಂದುಬಿಟ್ಟಿತ್ತು. ಅವನು ಗಾಬರಿಯಾಗಿ ಎದ್ದು, ಬೀರುವಿನಿಂದ ತನ್ನ ತೋಟದ ಮೇಪಲ್ ಮರದ ಸಿಹಿ ಪಾಕದ ಬಾಟಲಿ ತೆಗೆದು ಅವಳ ಕೈಗಿಟ್ಟಿದ್ದ. ಅದನ್ನು ಎದೆಗವಚಿಕೊಂಡು ಉದ್ದದ ಓಣಿಯಲ್ಲಿ ನಡೆದು ಬರುವಾಗ ಎದುರು ಸಿಕ್ಕ ಇಬ್ಬರು ಹುಡುಗರು "ಓಹೋ, ಡಾಕ್ಟರ್ ಮಾಕಿಗೆ ಬಹುಮಾನ!" ಎಂದಿದ್ದರು.

ತಟ್ಟೆ ತೆಗೆದರು. ಹಾಲಿನ ಆ ತುದಿಯಲ್ಲಿ ಕುರ್ಚಿಗಳನ್ನು ಸರಿಸಿ ಜಾಗ ಮಾಡಿದರು. ಹೊರಡುವವರು ಹಿರಿಯರನ್ನು ಅಣಕಿಸುವ ಆಟ ಪ್ರತಿ ವರ್ಷದ್ದು. ಯಾವಾಗಲೂ ಶಸ್ತ್ರಚಿಕಿತ್ಸೆಯವರನ್ನು, ಮರೆಗುಳಿ ಮುದುಕ ವೈದ್ಯರನ್ನು ಆಡಿಕೊಳ್ಳುತ್ತಿದ್ದರು; ಅವಳನ್ನು ಮುಟ್ಟಿರಲಿಲ್ಲ. ಈ ಸಲ ಪರದೆಯ ಹಿಂದಿನಿಂದ ಬೂದುಬಣ್ಣದ ಕೃತಕ ತಲೆಗೂದಲು ಹಾಕಿಕೊಂಡು, ಅವಳದ್ದೇ ಮಾದರಿಯ ಹಸಿರು ಸ್ವೆಟರಿನಲ್ಲಿ ತೋಳು ತೂರಿಸಲಾಗದೆ ಹೆಣಗುತ್ತ ಬಂದವನು ಡೆಸ್ಮಂಡ್ ಪೈಕ್. ಅಯೋವಾದಲ್ಲಿ ಹಂದಿ ಸಾಕುವ ಮನೆಯಿಂದ ಬಂದ ಎತ್ತರದ ಹುಡುಗ. ಇಡೀ ತಂಡದಲ್ಲಿ ಅವಳಿಗೆ ಅಷ್ಟಾಗಿ ರೇಗದೆ ಇದ್ದದ್ದು ಅವನೊಬ್ಬನ ಮೇಲೆ. ಜನ ನೋಡಿದ ಕೂಡಲೇ ಚಪ್ಪಾಳೆ ಹೊಡೆದರು. ಮಾರ್ನಿ ಎಂಬ ಗಿಡ್ಡ ಹುಡುಗಿ ಕೂಗುತ್ತ ಓಡಿಬಂದಳು.

"ಡಾಕ್ಟರ್ ಮಾಕಿ, ಡಾಕ್ಟರ್ ಮಾಕಿ, ನನ್ನ ಬಟ್ಟೆಗೆ ಬೆಂಕಿ ಹತ್ಕೊಂಡಿದೆ!"

ಡೆಸ್ಮಂಡ್ ತಲೆಯನ್ನು ಓರೆ ಮಾಡಿದ. ಅಂಗೈಯನ್ನು ಎದೆಯ ಮೇಲಿಟ್ಟ. "ನೀನು ಇದನ್ನ ನನ್ನ ಹತ್ರ ಬಂದು ಹೇಳಿದ್ದು ತುಂಬಾ ಒಳ್ಳೇದಾಯ್ತು."

"ಉರೀತಿದೆ ಡಾಕ್ಟರ್!"

"ಉರಿಯೋದು ಸಹಜ ಕಣೇ. ಎಲ್ಲಾರಿಗೂ ಒಂದಲ್ಲ ಒಂದಿನ ಉರಿಯತ್ತೆ. ಈಗ ನಿನಗೆ ಒಳಗೊಳಗೆ ಏನನ್ನಿಸ್ತಿದೆ?"

"ಬಿಸಿ ಅನ್ನಿಸ್ತಿದೆ!"

ಸೇರಿದ್ದವರೆಲ್ಲ ಬಿದ್ದುಬಿದ್ದು ನಗುತ್ತಿದ್ದರು. ಡೆಸ್ಮಂಡ್ ಎದೆಯ ಮೇಲಿನ ಕೈ ತೆಗೆಯದೆ, ಕಣ್ಣನ್ನು ಮಾತ್ರ ಜಾರಿಸಿ ಗೋಡೆಯ ಗಡಿಯಾರ ನೋಡಿದ. "ಗುರುವಾರದವರೆಗೆ ತಡ್ಕೊಳ್ಳೋಕಾಗತ್ತಾ? ಗುರುವಾರ ವಾರ್ಡಿಗೆ ಯಾರೂ ಇಲ್ಲ, ನೋಡು."

ಪಕ್ಕದಲ್ಲಿ ವಿಚಿತ್ರ ಸದ್ದು ಕೇಳಿ ರೋಡಾ ತಿರುಗಿದಳು. ವರ್ಲಿನ್. ಅವನ ಮುಖ ಕೆಂಪೇರಿತ್ತು, ಕಣ್ಣಲ್ಲಿ ನೀರು. ಮೇಜನ್ನು ಗುದ್ದುತ್ತ, "ಅಯ್ಯೋ ದೇವರೇ, ಅದೇ! ಅದೇ ಕೈ! ಮನೇಲೂ ಹೀಗೇನೆ!" ಎಂದು ಬ್ರಾಂಟನ ಕಡೆ ಬಾಗಿ ಹೇಳಿದ. ಬ್ರಾಂಟನ ಮೀಸೆಯ ಅಗಳು ಅಲುಗಿತು. ಅವಳು ನಕ್ಕಳು. ಹಲ್ಲು ಕಾಣುವಷ್ಟು, ಭುಜ ಕುಲುಕುವಷ್ಟು, ಎಲ್ಲರೂ ತಿರುಗಿ ನೋಡಿ 'ಪಾಪ, ಎಷ್ಟು ಚೆನ್ನಾಗಿ ತಗೊಂಡ್ರು' ಎನ್ನುವಷ್ಟು ನಕ್ಕಳು. ತಾನು ಹೀಗೆ ಕೈಯನ್ನು ಎದೆಯ ಮೇಲಿಡುತ್ತೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ವರ್ಲಿನ್ ಕಳೆದ ವರ್ಷ ತನ್ನ ತಮ್ಮನಿಗೆ ಕಾಯಿಲೆ ಎಂದು ಅಡುಗೆಮನೆಯಲ್ಲಿ ನಿಂತು ಹೇಳಿದಾಗ ತಾನು ಕೈ ಎಲ್ಲಿಟ್ಟುಕೊಂಡಿದ್ದೆ? ಅವನು ಅಂದು ಮಾತು ಅರ್ಧಕ್ಕೇ ನಿಲ್ಲಿಸಿ ಹೊರಗೆ ಹುಲ್ಲು ಕತ್ತರಿಸಲು ಹೋಗಿದ್ದ. ಆದರೆ ಈಗ ಅವಳನ್ನು ಕುಟುಕಿದ್ದು ಅದಲ್ಲ. ಗುರುವಾರ ಎನ್ನುವಾಗ ಡೆಸ್ಮಂಡ್ ಅವಳನ್ನೇ ನೋಡಿದ್ದ. ಹಾಲಿನಲ್ಲಿ ನಗುತ್ತಿದ್ದವರಿಗೆ ಅದು ಯಾವುದೋ ಒಂದು ವಾರ. ಅವನಿಗೆ ಮತ್ತು ಅವಳಿಗೆ ಮಾತ್ರ ಅದು ಫೆಬ್ರುವರಿಯ ಗುರುವಾರ. ಆ ವಾರದ ಆರಂಭದಲ್ಲಿ ಅವನು ನೋಡಿ ಮನೆಗೆ ಕಳಿಸಿದ್ದ ಮಗುವೊಂದು ಬೆಳಗಾಗುವುದರೊಳಗೆ ತೀರಿಕೊಂಡಿತ್ತು. ಮಿದುಳು ಜ್ವರ. ಯಾರು ನೋಡಿದ್ದರೂ ಆ ಹೊತ್ತಿಗೆ ಗೊತ್ತಾಗುವಂಥದಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಡೆಸ್ಮಂಡ್ ಅವಳ ಕೋಣೆಗೆ ಬಂದು ಕೂತು, ತಾನು ಸ್ವಲ್ಪ ಕಾಲ ರೋಗಿಗಳನ್ನು ಮುಟ್ಟಲಾರೆ, ಒಂದು ತಿಂಗಳಾದರೂ ಬಿಡಿ ಎಂದು ಕೇಳಿದ್ದ. ಇಬ್ಬರು ಬಾಣಂತಿತನದ ರಜೆಯಲ್ಲಿದ್ದರು, ಒಬ್ಬ ಕಾಲು ಮುರಿದುಕೊಂಡಿದ್ದ. ಅವಳು ಎರಡು ದಿನ ರಜೆ ಕೊಟ್ಟಳು. ಮನಶ್ಶಾಸ್ತ್ರಜ್ಞರೊಬ್ಬರ ಫೋನ್ ನಂಬರು ಕೊಟ್ಟಳು. ಗುರುವಾರ ಬೆಳಿಗ್ಗೆ ಅವನು ಕ್ಷೌರ ಮಾಡಿಕೊಂಡು ವಾರ್ಡಿನಲ್ಲಿ ನಿಂತಿದ್ದ, ಅವಳು ಅವನ ಬೆನ್ನು ತಟ್ಟಿ ಮುಂದೆ ಹೋಗಿದ್ದಳು.

"ಡಾಕ್ಟರ್ ಮಾಕಿ ಮಾತಾಡಬೇಕು!" ಎಂದು ಯಾರೋ ಕೂಗಿದರು. ಮೇಜು ಬಡಿದರು. ಅವಳು ಎದ್ದಳು. ಹತ್ತು ವರ್ಷದಿಂದ ಹೇಳುತ್ತಿದ್ದ ಮಾತು ಅವಳಿಗೆ ನಿದ್ದೆಯಲ್ಲೂ ಬರುತ್ತಿತ್ತು: ನೀವು ನಮಗೆ ಕಲಿಸಿದ್ದೇ ಹೆಚ್ಚು, ಮನೆಯವರ ತ್ಯಾಗ, ಇನ್ನು ಮುಂದೆ ನೀವು ನಮ್ಮ ಸಹೋದ್ಯೋಗಿಗಳು. ಮೈಕ್ ಹಿಡಿದು ಬಾಯಿ ತೆರೆದಾಗ ಎದುರಿಗೇ ಡೆಸ್ಮಂಡ್ ಕುರ್ಚಿ ತಿರುಗಿಸಿ ಕೂತು, ಬೂದು ತಲೆಗೂದಲನ್ನು ತೆಗೆಯದೆ, ಬಾಟಲಿಯ ಕೊಳವೆ ಬಾಯಿಗಿಟ್ಟುಕೊಂಡಿದ್ದ. ಅವಳನ್ನೇ ತಲೆಯ ಮೇಲೆ ಹೊತ್ತುಕೊಂಡು ನೀರು ಚೀಪುತ್ತಿದ್ದ.

"ಡೆಸ್ಮಂಡ್ ನನ್ನನ್ನ ಮಾಡಿ ತೋರಿಸಿದ," ಎಂದಳು. "ಲೆಕ್ಕಕ್ಕೆ ಲೆಕ್ಕ ಆಗಬೇಕಲ್ವಾ? ಈಗ ನಾನು ಅವನನ್ನ ಮಾಡ್ತೀನಿ."

"ಮಾಡಿ, ಮಾಡಿ!" ವರ್ಲಿನ್ ಎಲ್ಲರಿಗಿಂತ ಜೋರಾಗಿ ಕೂಗಿದ. ಅವನಿಗೆ ಗೊತ್ತಿತ್ತು, ಚಿಕ್ಕಂದಿನಲ್ಲಿ ಅವಳು ಭಾನುವಾರದ ಊಟದ ಮೇಜಿನಲ್ಲಿ ಚರ್ಚಿನ ಪಾದ್ರಿಯನ್ನು, ನೆರೆಮನೆಯ ಕುಂಟ ಮುದುಕನನ್ನು ಮಾಡಿ ತೋರಿಸುತ್ತಿದ್ದದ್ದು. ಅವಳ ಅಮ್ಮ ನಗುತ್ತ ನಗುತ್ತ ಥಟ್ಟನೆ ಬಾಯಿ ಮುಚ್ಚಿಕೊಂಡು, "ಸಾಕು ನಿಲ್ಲಿಸು, ಇದು ದೇವರಿಗೆ ಆಗಿಬರಲ್ಲ" ಎನ್ನುತ್ತಿದ್ದಳಂತೆ. ಮದುವೆಯಾದ ಹೊಸತರಲ್ಲಿ ವರ್ಲಿನ್ ಹಟ ಮಾಡಿ ಮಾಡಿಸುತ್ತಿದ್ದ. ಎಷ್ಟೋ ವರ್ಷದಿಂದ ಮಾಡಿರಲಿಲ್ಲ.

ಅವಳು ಬಲಭುಜ ಎತ್ತಿದಳು. ಅಷ್ಟಕ್ಕೇ ಹುಡುಗರು ಹೋ ಎಂದರು. ಗಾಳಿಯಲ್ಲಿ ಬಾಗಿಲು ತಟ್ಟಿದಳು. ಎರಡು ಸಲ ಬೆರಳಗಂಟಿನಿಂದ, ಮೂರನೆಯದು ಉಗುರಿನಿಂದ, ತಟ್ಟಿದ್ದಕ್ಕೆ ಕ್ಷಮೆ ಕೇಳುವ ಹಾಗೆ. ಡೆಸ್ಮಂಡ್ ಹಣೆಗೆ ಕೈ ಹೊಡೆದುಕೊಂಡು ನಕ್ಕ. ಉದ್ದ ಕಾಲುಗಳನ್ನು ಎಲ್ಲಿಡುವುದೆಂದು ತಿಳಿಯದವನ ಹಾಗೆ ಅವಳು ಕುರ್ಚಿಯಲ್ಲಿ ಕೂತಳು, ಮೈಕ್ ಹಿಡಿದ ಕೈಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡಳು, ಅಂಗೈಯ ಬುಡದಿಂದ ಮೂಗು ಒರೆಸಿದಳು.

"ಡಾಕ್ಟರ್ ಮಾಕಿ, ಒಂದ್ನಿಮಿಷ ಇದೆಯಾ?" ಧ್ವನಿಯೂ ಅವನದೇ. ಜನ ಚಪ್ಪಾಳೆ ಹೊಡೆದರು. "ನಾನು ಕುತ್ತಿಗೆ ಮುಟ್ಟಿ ನೋಡಿದ್ದೆ ಡಾಕ್ಟರ್." ಇನ್ನೂ ಕೆಲವರು ನಗುತ್ತಿದ್ದರು. "ಮುಟ್ಟಿದ್ದೆ. ಬಗ್ಗಿಸೀನೂ ನೋಡಿದ್ದೆ. ನನ್ನ ಕೈ ತಣ್ಣಗಿತ್ತು. ತಣ್ಣಗಿದೆ ಅಂತ ಆ ಪುಟ್ಟಿ ನಕ್ಕಳು. ನಗೋ ಮಗೂಗೆ ಏನಾಗತ್ತೆ ಅಂತ... ನಗ್ತಿದ್ಲು ಡಾಕ್ಟರ್. ನಮ್ಮಮ್ಮ ಫೋನ್ ಮಾಡಿದ್ರೆ ನಾನೇನು ಹೇಳ್ಲಿ? ಅವಳು ಊರಿಗೆಲ್ಲ ಹೇಳ್ಕೊಂಡು ಬರ್ತಾಳೆ, ನಮ್ಮ ಹುಡುಗ ಮಕ್ಕಳನ್ನ ಗುಣ ಮಾಡ್ತಾನೆ ಅಂತ." ಆಮೇಲೆ ಅವನು ಅತ್ತಿದ್ದ ಆ ಸದ್ದು, ಒಣ ಬಾವಿಯಲ್ಲಿ ಬಿಂದಿಗೆ ಬಡಿದ ಹಾಗೆ. ಅದನ್ನೂ ಮಾಡಿದಳು. ಎಲ್ಲವೂ ತಾನಾಗಿ ಬರುತ್ತಿತ್ತು. ಒಂದು ಉಸಿರು, ಒಂದು ತಡವರಿಕೆ ಎಲ್ಲೂ ತಪ್ಪಲಿಲ್ಲ. ಅವಳ ಕಿವಿ ಬಿಸಿಯಾಗಿತ್ತು, ಬೆರಳ ತುದಿಗಳು ಜುಮ್ಮೆನ್ನುತ್ತಿದ್ದವು. ಎರಡು ವರ್ಷದಿಂದ ಸತ್ತು ಬಿದ್ದಿದ್ದ ಏನೋ ಒಂದು ಮೈಮುರಿದು ಎದ್ದು ಕೂತಿತ್ತು. ಸಂತೋಷವೇ ಇರಬೇಕು ಅದು. ಇನ್ನಷ್ಟು ಬೇಕೆನಿಸಿತು. ಕಣ್ಣೆತ್ತಿದಾಗ ಯಾರೂ ನಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ಸದ್ದು ಕೇಳುತ್ತಿತ್ತು. ಆ ಮಗು ಯಾವುದೆಂದು ಗೊತ್ತಿದ್ದ ದಾದಿಯೊಬ್ಬಳು ಎದ್ದು ಹೊರಗೆ ಹೋದಳು. ಡೆಸ್ಮಂಡ್ ಬೂದು ತಲೆಗೂದಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ಅವನ ಪಕ್ಕದಲ್ಲಿ ಹೂವಿನ ಅಂಗಿ ತೊಟ್ಟ ದಪ್ಪನೆಯ ಹೆಂಗಸು, ಸ್ವಲ್ಪ ಹೊತ್ತಿನ ಮುಂಚೆ ರೋಡಾಳಿಗೆ ಕೈಬೀಸಿದವಳು, ಮಗನ ಮುಖವನ್ನೇ ನೋಡುತ್ತಿದ್ದಳು.

ಬ್ರಾಂಟ್ ಬಂದು ಅವಳ ಕೈಯಿಂದ ಮೈಕನ್ನು ಮೆಲ್ಲಗೆ ಬಿಡಿಸಿಕೊಂಡ. "ಸರಿ ಸರಿ, ಈಗ ಪ್ರಮಾಣಪತ್ರ, ಆಮೇಲೆ ಕೇಕು." ಪತ್ರಗಳನ್ನು ಅವನೇ ಕೊಟ್ಟ. ಅವಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದಳು. ಹೆಸರು ಕರೆದಾಗ ಒಬ್ಬೊಬ್ಬರೂ ಬಂದು ಬ್ರಾಂಟನ ಕೈಕುಲುಕಿ, ಅವಳೊಂದು ಕಂಬವೆಂಬಂತೆ ಬಳಸಿಕೊಂಡು ಹೋದರು. ಡೆಸ್ಮಂಡನ ಸರದಿಯಲ್ಲಿ ಮಾತ್ರ, ಆಗತಾನೆ ಹೊರಗಿನಿಂದ ಬಂದಿದ್ದ, ನಡೆದದ್ದೇನೂ ಗೊತ್ತಿಲ್ಲದ ಫೋಟೋದವನು, "ಮೇಡಂ ಜೊತೆ ಒಂದು! ಇನ್ನೊಂಚೂರು ಹತ್ರ ಬನ್ನಿ. ಕೈ ಹಿಡ್ಕೊಳ್ಳಿ. ಏನ್ ಸಾರ್, ಹೋಗೋ ದಿನವೂ ಹೆದರಿಕೆನಾ?" ಎಂದ. ಇಬ್ಬರೂ ಕೈ ಹಿಡಿದು ನಿಂತರು. ಅವಳ ಮುಖ ಬೆಳಿಗ್ಗೆ ಕಲಿತದ್ದನ್ನು ತಾನೇ ಮಾಡಿತು, ಹುಬ್ಬು ಸ್ವಲ್ಪ ಮೇಲೆ, ಬಾಯಿ ಸ್ವಲ್ಪ ತೆರೆದು.

ಕೇಕಿನ ಸಾಲಿನಲ್ಲಿ ಬ್ರಾಂಟ್ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ ತಟ್ಟೆಯ ಕಡೆ ನೋಡುತ್ತ ಹೇಳಿದ. "ಸೋಮವಾರದಿಂದ ತರಬೇತಿ ವಿಭಾಗದ ಕೋಣೆಗೆ ಬರಬೇಡ ರೋಡಾ. ಡಾಕ್ಟರ್ ಯುವರ್ಗೆನ್ಸನ್‌ಗೆ ಹೇಳಿದೀನಿ, ಹುಡುಗರನ್ನ ಅವನು ನೋಡ್ಕೋತಾನೆ."

"ಒಪ್ಪಿಕೊಂಡ್ನಾ?"

"ಒಪ್ಪಿಕೊಂಡ."

ಮಾರ್ಚ್ ತಿಂಗಳಲ್ಲಿ ಹುಡುಕಿದರೂ ಸಿಗದಿದ್ದ ಮನುಷ್ಯ ಒಂದು ತುಂಡು ಕೇಕ್ ತಟ್ಟೆಗೆ ಬೀಳುವುದರೊಳಗೆ ಸಿಕ್ಕಿದ್ದ. ಅವಳಿಗೆ ನಗು ಬಂತು, ನಿಜವಾದ ನಗು. ಬ್ರಾಂಟ್ ಒಂದು ಹೆಜ್ಜೆ ಹಿಂದೆ ಸರಿದ.

ವರ್ಲಿನ್ ಕಾರು ತರಲು ಹೋಗಿದ್ದ. ಕೋಟು ತೊಡಿಸುವಾಗ ಅವನ ಕೈ ಅವಳ ಭುಜಕ್ಕೆ ತಗುಲದಂತೆ ಬಟ್ಟೆಯನ್ನಷ್ಟೇ ಹಿಡಿದಿತ್ತು. ಹಾಲಿನ ಮೆಟ್ಟಿಲ ಬಳಿ ನಿಂತಳು. ಸರೋವರದ ಕಡೆಯಿಂದ ಗಾಳಿ ಮಂಜನ್ನು ತಂದು ಮುಖಕ್ಕೆ ಒರೆಸುತ್ತಿತ್ತು. ಹಿಂದಿನಿಂದ ಯಾರೋ ಬಂದರು. ಹೂವಿನ ಅಂಗಿಯ ಹೆಂಗಸು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಕೇಕು.

"ಡಾಕ್ಟರಮ್ಮ, ನಾನು ಆರ್ಲಿಸ್, ಡೆಸ್ಮಂಡನ ತಾಯಿ." ಬಯ್ಯಲು ಬಂದವಳ ಧ್ವನಿಯಲ್ಲ ಅದು. "ಯಾವ ಮಗು ಅದು? ಏನಾಯ್ತು? ಈಸ್ಟರ್‌ಗೆ ಮನೆಗೆ ಬಂದಿದ್ದ. ತಟ್ಟೆ ಮುಂದೆ ಸುಮ್ನೆ ಕೂತಿರೋನು. ನಾನು ಬಯ್ದೆ, ಡಾಕ್ಟರಾದ್ಮೇಲೆ ನಮ್ಮ ಅಡುಗೆ ರುಚಿಸಲ್ವೇನೋ ಅಂತ. ಬಯ್ದುಬಿಟ್ಟೆ ನೋಡಿ."

"ಅದನ್ನ ನಾನು ಹೇಳೋ ಹಾಗಿಲ್ಲ," ಎಂದಳು ರೋಡಾ. "ಅವನು ನನ್ನ ಹತ್ರ ಗುಟ್ಟಾಗಿ ಹೇಳಿದ್ದು."

ಆರ್ಲಿಸ್ ಅವಳನ್ನು ದಿಟ್ಟಿಸಿದಳು. "ಈಗತಾನೆ ಮೈಕ್ ಹಿಡ್ಕೊಂಡು ಹೇಳಿದ್ರಲ್ಲಮ್ಮ."

ಮಂಜಿನೊಳಗಿಂದ ಡೆಸ್ಮಂಡ್ ಬಂದ. ಅಮ್ಮನನ್ನು ಹುಡುಕಿಕೊಂಡು ಬಂದವನು, ಇಬ್ಬರೂ ಒಟ್ಟಿಗೆ ನಿಂತದ್ದನ್ನು ಕಂಡು ತಡೆದು ನಿಂತ. ಅವನು ಹೊಡೆದರೆ ಚೆನ್ನ ಎಂದುಕೊಂಡಳು ಅವಳು. ಹಂದಿ ಎತ್ತಿ ಬೆಳೆದ ಕೈ. ಒಂದು ಬಿಟ್ಟರೆ ಸಾಕು. ಕೆನ್ನೆ ತನ್ನಷ್ಟಕ್ಕೆ ಸ್ವಲ್ಪ ಮುಂದೆ ಬಂದದ್ದೂ ಅವಳಿಗೆ ತಿಳಿಯಿತು.

"ನೀವು ಕೇಳಿಸ್ಕೊಂಡೇ ಇಲ್ಲ ಅಂದ್ಕೊಂಡಿದ್ದೆ," ಎಂದ ಡೆಸ್ಮಂಡ್. ಧ್ವನಿ ಏರಿಸಲಿಲ್ಲ. "ಇಷ್ಟು ದಿನ ಹಾಗೇ ಅಂದ್ಕೊಂಡು ಸಮಾಧಾನ ಮಾಡ್ಕೊಂಡೆ. ಪಾಪ, ಅವರಿಗೂ ಸುಸ್ತು, ಒಂದು ಮಾತೂ ಕಿವಿಗೆ ಬಿದ್ದಿರಲಿಕ್ಕಿಲ್ಲ, ಬಿದ್ದಿದ್ರೆ ಗುರುವಾರ ಕರೀತಿರಲಿಲ್ಲ ಅಂತ. ಇವತ್ತು ಆಡಿದ್ದೂ ಅದನ್ನೇ. ಕೇಳಿಸದೇ ಇರೋರನ್ನ." ಅವನು ಮೂಗು ಒರೆಸಲು ಕೈಯೆತ್ತಿ, ಅವಳು ನೋಡುತ್ತಿದ್ದಾಳೆಂದು ಅರಿತು ಇಳಿಸಿದ. "ಪ್ರತಿಯೊಂದು ಮಾತೂ ಕೇಳಿಸ್ಕೊಂಡಿದ್ರಿ."

"ಡೆಸ್ಮಂಡ್," ಎಂದಳು.

ಅವನು ನಿಂತ. ನಿಜವಾಗಿಯೂ ಕಾದ. ಅಮ್ಮನೂ ಕೇಕನ್ನು ಎದೆಗೊತ್ತಿಕೊಂಡು ಕಾದಳು. ರೋಡಾ ಹುಡುಕಿದಳು. ಬಾಯಲ್ಲಿ ಇದ್ದದ್ದು ಅವನ ಮಾತುಗಳು, ಅವನ ತಡವರಿಕೆ, ಅವನ ಅಳು. ಅಷ್ಟರಲ್ಲಿ ಕಾರು ಬಂತು. ವರ್ಲಿನ್ ಒಳಗಿನಿಂದಲೇ ಕೈಚಾಚಿ ಬಾಗಿಲು ತೆರೆದ.

"ಬಾಮ್ಮ, ಚಳಿ," ಎಂದು ಡೆಸ್ಮಂಡ್ ತಾಯಿಯ ತೋಳು ಹಿಡಿದ. ಇಬ್ಬರೂ ಮಂಜಿನೊಳಗೆ ನಡೆದರು. ಸ್ವಲ್ಪ ದೂರ ಹೋದಮೇಲೆ ಆರ್ಲಿಸ್ ಏನೋ ಕೇಳಿದಳು. ಡೆಸ್ಮಂಡ್ ನಿಂತು, ಅವಳ ಕಡೆ ಬಾಗಿ, ಮೊದಲಿನಿಂದ ಹೇಳತೊಡಗಿದ.